ಅಮೀರರು ಕರೆತಂದ ಸಾಕ್ಷಿ

ರಾತ್ರಿಯೆಲ್ಲ ಸುರಿದ ಹಿಮ ಆ ಬೆಳಿಗ್ಗೆ ನಿಂತು, ತಬ್ರೀಜ್ ನಗರದ ಮೇಲೆ ಎಳೆಬಿಸಿಲು ಬಿದ್ದಿತ್ತು. ಮಾಳಿಗೆಗಳ ಮೇಲಿನ ಹಿಮವನ್ನು ಜನ ಬೀದಿಗೆ ತಳ್ಳುತ್ತಿದ್ದರು. ಅದರ ನಡುವೆಯೇ ದಾರಿ ಮಾಡಿಕೊಂಡು ಅಮೀರ್ ತುಘಾನ್ ಖಾಜಿ ಮಜ್ದುದ್ದೀನರ ಮನೆಗೆ ಬಂದರು.

ಖಾಜಿಗಳು ಮಸೀದಿಯಲ್ಲಿ ಹದೀಸ್, ಅಂದರೆ ಪ್ರವಾದಿಗಳ ನುಡಿಗಳ ಪಾಠ ಹೇಳುವವರು. ಸುಲ್ತಾನರ ಅಪ್ಪಣೆಯಂತೆ ರಾಜ್ಯದ ಚರಿತ್ರೆಯನ್ನೂ ಬರೆಯುತ್ತಿದ್ದರು. ಕಂಡವರು ಯಾರು, ಅವರಿಂದ ಕೇಳಿದವರು ಯಾರು ಎಂದು ಹೆಸರಿನ ಸರಪಳಿ ಸಿಗದೆ ಒಂದು ಸಾಲನ್ನೂ ಬರೆಯುವವರಲ್ಲ. ಹೊಸ ಅಧ್ಯಾಯವನ್ನು ಮರುದಿನ ದರ್ಬಾರಿನಲ್ಲಿ ಓದಬೇಕಿತ್ತು.

"ನಮ್ಮಜ್ಜ ಕಾಳಗದಿಂದ ಕತ್ತೆ ಏರಿ ಓಡಿಹೋದ ಅಂತ ಬರ್ದಿದ್ದೀರಂತೆ," ಎಂದರು ಅಮೀರರು. "ನಾಳೆಯಿಂದ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ ಖಾಜಿಗಳೇ? ಅಳಿಸಿಬಿಡಿ."

"ಸತ್ತು ಮೇಲೆ ಹೋದಾಗ ದೇವರಿಗೆ ಉತ್ತರ ಹೇಳ್ಬೇಕಾದೋನು ನಾನು. ನಿಮ್ಮಜ್ಜನನ್ನ ಕಣ್ಣಾರೆ ಕಂಡವರು ಯಾರಾದ್ರೂ ಬಂದು, ಹಾಗಾಗ್ಲಿಲ್ಲ ಅನ್ಲಿ. ನಿಮ್ಮೆದುರೇ ಅಳಿಸ್ತೀನಿ."

ಅಮೀರರ ಮುಖ ಅರಳಿತು. ಅಂಥವರಲ್ಲಿ ಉಳಿದಿದ್ದವರು ಅವರ ಅಜ್ಜಿ ಫೀರೂಜಾ ಬೀಬಿ ಒಬ್ಬರೇ. ಗಂಡನ ಹೆಸರೆತ್ತಿದರೆ ಇಂದಿಗೂ ಕೈಯೆತ್ತಿ ದುವಾ ಮಾಡುವಾಕೆ. ಮಧ್ಯಾಹ್ನದೊಳಗೆ ಅವರನ್ನು ಮೇನೆಯಲ್ಲಿ ಕರೆತಂದರು.

"ಓಡಿ ಬಂದಿದ್ದೇ ನಮ್ಮಪ್ಪನ ತೋಟಕ್ಕಲ್ವಾ," ಎಂದರು ಅಜ್ಜಿ, ಒಣದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತ. "ಅಪ್ಪ ಬೇಡ ಬೇಡ ಅಂದ್ರೂ ಕತ್ತೆ ಬಿಚ್ಕೊಂಡು ಹೋದ್ರು."

"ಅಜ್ಜೀ," ಎಂದು ಅಮೀರರು ಅವರ ತೋಳು ಹಿಡಿದರು.

"ಸುಮ್ನಿರೋ, ಅವ್ರು ಬರೀತಿದ್ದಾರೆ. ವಾರ ಬಿಟ್ಟು ನಿಮ್ಮಜ್ಜ ಮತ್ತೆ ಬಂದ್ರು, ಕತ್ತೆ ಸತ್ತೋಯ್ತು ಅಂತ ಹೇಳೋಕೆ. ಅಪ್ಪ ಬೈತಾ ಇದ್ರೆ ಇವ್ರು ನನ್ನೇ ನೋಡ್ತಿದ್ರು. ಕತ್ತೇನೂ ಕೊಡ್ಲಿಲ್ಲ, ಮಗಳನ್ನೂ ಕರ್ಕೊಂಡು ಹೋದ ಅಂತ ಅಪ್ಪ ಸಾಯೋವರ್ಗೂ ಗೊಣಗಿದ್ರು. ಈಗ ಆ ತೋಟದಲ್ಲಿರೋ ನಮ್ಮಣ್ಣನ ಮಕ್ಳು ಗೊಣಗ್ತಾರೆ. ಅವತ್ತು ಇವ್ರು ಓಡದೆ ನಿಂತಿದ್ರೆ ನೀನೆಲ್ಲಿರ್ತಿದ್ದೆ ಮಗಾ? ಅದನ್ನ ಅಳಿಸಿದ್ರೆ ನನ್ನ ಮದುವೇನೇ ಅಳಿಸಿದ ಹಾಗೆ."

ಅಮೀರರ ಭುಜ ಅಲುಗತೊಡಗಿತು, ನಗು ತಡೆಯಲಾಗಲಿಲ್ಲ. "ಇರ್ಲಿ ಬಿಡಿ ಖಾಜಿಗಳೇ. ಅಜ್ಜಿ ಹೆಸ್ರೂ ಸೇರ್ಸಿ."

ಖಾಜಿಗಳು ಬಿಸ್ಮಿಲ್ಲಾ ಎಂದು, ಸರಪಳಿಯ ಮೊದಲಲ್ಲೇ ಆಕೆಯ ಹೆಸರು ಬರೆದರು.

ಮರುದಿನ ಓದು ಕೇಳಿ ದರ್ಬಾರು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಮೀರರೇ. ಸಂಜೆ ಅವರು ಆಳುಗಳನ್ನು ಬಿಟ್ಟು ಒಬ್ಬರೇ ಊರಾಚೆಯ ಆ ತೋಟಕ್ಕೆ ಹೋದರು. ಬೇಲಿಯ ಗೂಟಕ್ಕೆ ಒಂದು ಎಳೆಯ ಬೂದುಬಣ್ಣದ ಕತ್ತೆಯನ್ನು ಕಟ್ಟಿ, ಬಾಗಿಲು ತಟ್ಟದೆ, ಹಿಮದಲ್ಲಿ ನಡೆದೇ ಹಿಂತಿರುಗಿದರು.