ಸಹಿಯಾದ ಮುಖ

ಕಲಾ ಪ್ರತಿಷ್ಠಾನದ ಅಧ್ಯಕ್ಷರ ಫೋಟೋವನ್ನು ಕಲಾವಿದೆ ತಾಮ್ರದ ತಗಡಿನ ಮೇಲೆ ಆಸಿಡ್‌ನಲ್ಲಿ ಕೊರೆದು, ಮೊದಲ ಅಚ್ಚು ತೆಗೆದು ತೋರಿಸಿದಳು. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ದಿನಾ ಕನ್ನಡೀಲಿ ನೋಡೋ ಮುಖ. ಒಂದು ಕೂದಲೂ ಆಚೀಚೆ ಆಗಿಲ್ಲ" ಎಂದು ಕೆಳಗೆ ಒಪ್ಪಿಗೆಯ ಸಹಿ ಹಾಕಿದರು. ಅವರ ಸಹಿಯಾದ ಕಾಗದ ಆ ಪ್ರತಿಷ್ಠಾನದಲ್ಲಿ ಎಂದೂ ಬದಲಾದದ್ದಿಲ್ಲ.

ಆಕೆ ಇಪ್ಪತ್ತೈದು ಪ್ರತಿ ಅಚ್ಚು ಹಾಕಿದಳು. ಆಮೇಲೆ ಪದ್ಧತಿಯಂತೆ, ಇನ್ನೊಂದು ಪ್ರತಿ ಯಾರೂ ತೆಗೆಯದಿರಲೆಂದು, ತಗಡಿನ ಮೇಲೆ ಅಡ್ಡಗೀರು ಎಳೆದುಬಿಟ್ಟಳು.

ಚಿತ್ರದ ಅನಾವರಣಕ್ಕೆ ಎರಡು ದಿನವಿರುವಾಗ ಪ್ರತಿಗಳನ್ನು ಒಯ್ಯಲು ಬಂದ ಕಾರ್ಯದರ್ಶಿ ಒಂದನ್ನು ಬೆಳಕಿಗೆ ಹಿಡಿದು ನೋಡಿದ.

"ಏನ್ ಮೇಡಂ ಇದು? ಸಾಹೇಬರ ಮಚ್ಚೆ ಇರೋದು ಎಡಗೆನ್ನೆ ಮೇಲೆ. ಇಲ್ಲಿ ಬಲಗೆನ್ನೆ ಮೇಲಿದೆ."

ಆಕೆ ಫೋಟೋವನ್ನು ಅಚ್ಚಿನ ಪಕ್ಕ ಹಿಡಿದು ನೋಡಿದಳು. "ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತೆ. ಕೊರೆಯೋಕೆ ಮುಂಚೆ ಫೋಟೋನ ತಿರುವಿ ಇಡಬೇಕಿತ್ತು, ಮರೆತೆ. ತಪ್ಪು ನಂದೇ."

"ಇನ್ನೊಂದ್ಸಲ ಅಚ್ಚು ಹಾಕಿ."

"ತಗಡು ಗೀಚಿ ಆಯ್ತು. ಹೊಸದಕ್ಕೆ ಎರಡು ವಾರ ಬೇಕು. ನಾನೇ ಹೋಗಿ ಸಾಹೇಬರ ಹತ್ರ ಹೇಳ್ತೀನಿ."

"ಬೇಡ ಮೇಡಂ. ಅವರೇ ನೋಡಿ ಸಹಿ ಹಾಕಿರೋದ್ರಲ್ಲಿ ತಪ್ಪಿದೆ ಅಂದ್ರೆ ಹೇಗೆ? ನಾನು ಮಾತಾಡ್ತೀನಿ."

ಮರುದಿನ ಅವನ ಫೋನ್ ಬಂತು. "ಚಿತ್ರದಲ್ಲಿ ತಪ್ಪೇನಿಲ್ವಂತೆ. ವ್ಯತ್ಯಾಸ ಇರೋ ಕಡೆ ನಾವೇ ಸರಿಮಾಡ್ಕೋತೀವಿ."

ಅನಾವರಣದ ದಿನ ಅಧ್ಯಕ್ಷರು ನಗುನಗುತ್ತಾ ವೇದಿಕೆ ಹತ್ತಿದರು. ಎಡಗೆನ್ನೆಗೆ ದಪ್ಪಗೆ ಪೌಡರ್ ಮೆತ್ತಿತ್ತು. ಬಲಗೆನ್ನೆಯ ಮೇಲೆ, ಅಚ್ಚಿನಲ್ಲಿದ್ದ ಜಾಗದಲ್ಲೇ, ಕಾಡಿಗೆಯ ಬೊಟ್ಟಿತ್ತು.