ಹನಿ ನಿಲ್ಲುವ ತನಕ

ಎಲ್ಲರ ಹಾಗೆ ಚಾಕಲೇಟಿನ ತಟ್ಟೆಯನ್ನೇ ತಂದಿದ್ದರೆ ಆಗುತ್ತಿರಲಿಲ್ಲವೇ? ಹೆಣ್ಣು ನೋಡಲು ಬಂದವನು ಸೀಗಡಿ ಹಿಡಿದುಕೊಂಡು ಬರುವುದೆಂದರೇನು? ಕಾರಿನಲ್ಲೇ ಬಿಟ್ಟು ಬರೋಣವೆಂದರೆ ಜಿದ್ದಾ ನಗರದ ಬಿಸಿಲಿಗೆ ಅವು ಬೆಂದೇ ಹೋಗುತ್ತಿದ್ದವು. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಿಳಿ ನಿಲುವಂಗಿಯ ಮಡಿಲಲ್ಲಿ ಮರೆಮಾಡಿಕೊಂಡು ಸುಹೈಬ್ ಹುಡುಗಿಯ ತಂದೆ ಅಬೂ ತಲಾಲರ ಹಜಾರದಲ್ಲಿ ಕುಳಿತಿದ್ದ. ತಾಯಿ ಆಗಲೇ ಹೆಂಗಸರ ಕೋಣೆಗೆ ಹೋಗಿಯಾಗಿತ್ತು. ಈ ಮನೆಯವರು ಹಿಂದಿನ ಹುಡುಗನಿಗೆ ಕಾಫಿ ಆರುವ ಮೊದಲೇ ಧೂಪ ತಂದು ಹಿಡಿದರೆಂದು ತಂಗಿ ಎಚ್ಚರಿಸಿದ್ದಳು. ಧೂಪ ಬಂತೆಂದರೆ ಅತಿಥಿ ಅದರ ಹೊಗೆಯನ್ನು ಗಡ್ಡಕ್ಕೆ ಹಿಡಿಸಿಕೊಂಡು ಎದ್ದು ಹೊರಡಲೇಬೇಕು. ಹುಡುಗಿಯ ಬಾಯಿಂದ ಒಂದು ಮಾತು ಹೊರಟಿರಲಿ, ಬಿಡಲಿ. ಗೋಡೆಗೆ ಒರಗಿದ ಆ ಉಪ್ಪುನೀರಿನ ಗಾಜಿನ ಮೀನುತೊಟ್ಟಿ ಹುಡುಗಿಯದೇ ಎಂದು ಹೇಳಿ ಸೀಗಡಿಯ ಯೋಚನೆ ಹುಟ್ಟಿಸಿದವಳೂ ತಂಗಿಯೇ.

“ಅದೇನಪ್ಪಾ ಮಡಿಲಲ್ಲಿ, ಕೂಸು ಮಲಗಿಸಿಕೊಂಡ ಹಾಗೆ?” ಅಬೂ ತಲಾಲ್ ಕೇಳಿದರು.

“ಸೀಗಡಿ, ಚಾಚಾ.”

“ಸೀಗಡಿ! ನಮ್ಮದು ಊಟ ಆಗೋಯ್ತಲ್ಲೋ!”

ಅಷ್ಟರಲ್ಲಿ ಕಾಫಿಯ ತಟ್ಟೆ ಹಿಡಿದು ಮಗಳು ರನೀಮ್ ಬಂದಳು. ಚೀಲವನ್ನು ಕಂಡವಳೇ ತಟ್ಟೆಯನ್ನು ಕೆಳಗಿಟ್ಟ ರಭಸಕ್ಕೆ ಬಟ್ಟಲುಗಳು ಗಲಗಲ ಎಂದವು. “ಜೀವ ಇದೆಯಾ?” ಎನ್ನುತ್ತಾ ಚೀಲವನ್ನು ಅವನ ಮಡಿಲಿನಿಂದಲೇ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಕೆಂಪು ಬೆನ್ನಿನ ಮೇಲೆ ಬಿಳಿ ಗೀರು, ಮೈಗಿಂತ ಉದ್ದದ ಮೀಸೆ, ಎರಡು ಸೀಗಡಿಗಳೂ ಮಿಸುಕಾಡುತ್ತಿದ್ದವು. ಸುಹೈಬ್ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಆ ಕ್ಷಣಕ್ಕೆ ಮರೆತುಹೋದವು.

“ಸಮುದ್ರದ್ದು ತಾನೆ? ತೊಟ್ಟಿಗೆ ಸುರಿದುಬಿಡು, ಮುಗೀತು,” ಎಂದರು ಅಬೂ ತಲಾಲ್.

“ಬಾಬಾ! ಅಂಗಡಿ ನೀರೇ ಬೇರೆ, ನಮ್ಮ ನೀರೇ ಬೇರೆ. ಉಪ್ಪು ಒಂಚೂರು ಹೆಚ್ಚುಕಮ್ಮಿ ಆದ್ರೆ ಮೀನು ತಡ್ಕೊಳ್ಳುತ್ತೆ, ಸೀಗಡಿ ಸತ್ತೇಹೋಗುತ್ತೆ. ಹನಿ ಹನಿಯಾಗಿ ಒಗ್ಗಿಸ್ಬೇಕು.”

ಅವಳು ತೊಟ್ಟಿಯ ದೀಪ ಆರಿಸಿದಳು. ಸೀಗಡಿಗಳನ್ನು ಚೀಲದ ನೀರಿನ ಸಮೇತ ಗಾಜಿನ ಬಟ್ಟಲಿಗೆ ಬಿಟ್ಟು ನೆಲದ ಮೇಲಿಟ್ಟಳು. ಸಣ್ಣ ಕೊಳವೆಯೊಂದರ ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಇನ್ನೊಂದು ತುದಿಯನ್ನು ಸುಹೈಬನ ಮುಂದೆ ಹಿಡಿದಳು. “ಬಾಯಿಂದ ಎಳೀರಿ. ತಂದೋರು ನೀವು ತಾನೆ?”

ಅವನು ಎಳೆದ. ಉತ್ಸಾಹ ಹೆಚ್ಚಾಗಿ ಬಾಯಿತುಂಬ ಉಪ್ಪುನೀರು ನುಗ್ಗಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು. ರನೀಮ್ ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

“ನೀನು ಸಮುದ್ರದ ನೀರು ಸಿಹಿ ಮಾಡೋ ಕಾರ್ಖಾನೇಲಿ ದಿನಾ ಉಪ್ಪು ತೆಗೀತೀಯ, ಇವಳು ಮನೇಲಿ ಕೂತು ನೀರಿಗೆ ಉಪ್ಪು ಹಾಕ್ತಾಳೆ. ನಿಮ್ಮಿಬ್ಬರಿಗೆ ಹೊಂದಾಣಿಕೆ ಆದ ಹಾಗೇ!” ಎಂದು ಅಬೂ ತಲಾಲ್ ದಿಂಬಿಗೆ ಒರಗಿದರು.

ಕೊಳವೆಗೆ ರನೀಮ್ ಸಡಿಲವಾಗಿ ಒಂದು ಗಂಟು ಹಾಕಿದಳು. ಹನಿಗಳು ಬಟ್ಟಲಿಗೆ ಬೀಳತೊಡಗಿದವು. ಆಚೆಗೆ ಅವಳು, ಈಚೆಗೆ ಅವನು, ನಡುವೆ ಮೀಸೆಯಾಡಿಸುತ್ತಿದ್ದ ಎರಡು ಜೀವ.

“ಇವಕ್ಕೆ ಹೆಸರಿಟ್ಟಿದೀರಾ?” ಕೊನೆಗೆ ಅವಳೇ ಕೇಳಿದಳು.

“ಇಲ್ಲ. ದಾರಿಯುದ್ದಕ್ಕೂ ಬೈಕೊಂಡು ಬಂದೆ. ಸತ್ತುಗಿತ್ತು ಹೋದ್ರೆ ನನ್ನ ಕಥೆ ಮುಗೀತು ಅಂತ.”

“ಸತ್ತಿದ್ರೆ ಮುಗೀತಿತ್ತು,” ಎಂದಳು. ಕಣ್ಣು ಮಾತ್ರ ನಗುತ್ತಿತ್ತು.

ಬಟ್ಟಲು ತುಂಬುತ್ತಾ ಬಂದದ್ದನ್ನು ಕಂಡು ಅಬೂ ತಲಾಲ್ ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ನಿಗಿನಿಗಿ ಕೆಂಡದ ಧೂಪದ ಪಾತ್ರೆ. ಸುಹೈಬ್ ಎದ್ದೇಳಲು ನೆಲಕ್ಕೆ ಕೈಯೂರಿದ.

“ಬಾಬಾ, ಅಲ್ಲೇ ನಿಲ್ಲಿ!” ರನೀಮ್ ಕೂಗಿದಳು. “ತೊಟ್ಟಿಯ ಪಂಪು ಈ ಕೋಣೆ ಗಾಳಿಯನ್ನೇ ನೀರಿಗೆ ಎಳೆಯೋದು. ಹೊಸ ಜೀವ ಬರೋ ಹೊತ್ತಲ್ಲಿ ಹೊಗೆ ಹಾಕ್ತೀರಾ? ಹನಿ ನಿಲ್ಲೋ ತನಕ ಒಳಗೆ ತರಬೇಡಿ.”

“ತುಂಬಿತಲ್ಲೇ ಬಟ್ಟಲು!”

“ಒಂದು ಸಲ ತುಂಬಿದ್ರೆ ಸಾಲಲ್ಲ.” ಅವಳು ಬಟ್ಟಲಿನ ಅರ್ಧ ನೀರನ್ನು ಬಕೆಟ್ಟಿಗೆ ಚೆಲ್ಲಿ, ಮತ್ತೆ ಕೊಳವೆಯ ಕೆಳಗಿಟ್ಟಳು. ಸುಹೈಬ್ ಏನೋ ಹೇಳಲು ಬಾಯಿ ತೆರೆದ. ಅವಳು ತಲೆಯೆತ್ತಿ ಅವನನ್ನು ನೋಡಿದಳು, ಒಂದೇ ಸಲ. ಅವನು ಬಾಯಿ ಮುಚ್ಚಿಕೊಂಡ. ಅವಳ ಬೆರಳು ಕೊಳವೆಯ ಗಂಟನ್ನು ಇನ್ನಷ್ಟು ಬಿಗಿಮಾಡಿತು. ಒಂದು ಹನಿ ಬಿದ್ದು ಇನ್ನೊಂದು ಬೀಳುವುದರೊಳಗೆ ಈಗ ಒಂದು ಮಾತು ಆಡಿ ಮುಗಿಸಬಹುದಿತ್ತು.

ಇಬ್ಬರೂ ಆಡಿದರು. ತೆರೆದ ಬಾಗಿಲ ಹೊಸ್ತಿಲಲ್ಲಿ ಅಬೂ ತಲಾಲ್ ಪಾತ್ರೆ ಹಿಡಿದು ನಿಂತೇ ಇದ್ದರು. ಹೊಗೆಯೆಲ್ಲ ಅವರ ಗಡ್ಡಕ್ಕೇ ಸುತ್ತಿಕೊಳ್ಳುತ್ತಿತ್ತು. “ನನ್ನ ಮನೇಲಿ ನಾನೇ ಅತಿಥಿ ಆದೆ ನೋಡು,” ಎಂದು ಗೊಣಗಿದರು.

ಬಟ್ಟಲು ಎರಡನೇ ಸಲ ತುಂಬಿತು. ಬಟ್ಟಲಿನ ನೀರು ತೊಟ್ಟಿಗೆ ಬೀಳದ ಹಾಗೆ ರನೀಮ್ ಸೀಗಡಿಗಳನ್ನಷ್ಟೇ ಮೆಲ್ಲಗೆ ಕಲ್ಲಿನ ಬಳಿ ಬಿಟ್ಟಳು. ಅವು ಕಲ್ಲಿಗೆ ಕಾಲೂರಿ ಬಿಳಿ ಮೀಸೆ ಬೀಸಿದವು. ಅಂಗೈಯಗಲದ ಮೀನೊಂದು ಸೀದಾ ಬಂದು ಅವುಗಳ ಮುಂದೆ ಬಾಯಿ ತೆರೆದು ನಿಂತಿತು. ನುಂಗಿಯೇಬಿಡುತ್ತದೆಂದು ಸುಹೈಬ್ ಗಾಜಿನತ್ತ ಕೈ ಚಾಚಿದ. ಒಂದು ಸೀಗಡಿ ಆ ಬಾಯೊಳಕ್ಕೇ ಹತ್ತಿ, ಹಲ್ಲು ಶುಚಿಮಾಡತೊಡಗಿತು!

“ಒಗ್ಗಿತು! ಬಾಬಾ, ಒಗ್ಗಿಬಿಡ್ತು!” ರನೀಮ್ ಕುಣಿದೇಬಿಟ್ಟಳು.

ಅಬೂ ತಲಾಲ್ ಒಳಗೆ ಓಡಿಬಂದು ಗಾಜಿಗೆ ಮೂಗು ಒತ್ತಿ ನೋಡಿದರು. ಆಮೇಲೆ ಕೈಯಲ್ಲಿದ್ದ ಪಾತ್ರೆಯನ್ನು ನೋಡಿದರು. ಅದರಲ್ಲಿ ಬರೀ ಬೂದಿಯಿತ್ತು.

“ಕೆಂಡ ಆರಿಹೋಯ್ತು,” ಎಂದರು. “ರಾತ್ರಿ ಊಟಕ್ಕೆ ಇದ್ದುಬಿಡಪ್ಪಾ. ಸೀಗಡಿ ಒಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳು.”

ಬಟ್ಟಲು ಒಂದು ಸಲ ತುಂಬಿದರೆ ಧಾರಾಳವಾಯಿತು ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಅದನ್ನು ಸುಹೈಬ್ ಅವತ್ತು ಹೇಳಲಿಲ್ಲ, ಆಮೇಲೂ ಎಂದೂ ಹೇಳಲಿಲ್ಲ.