ಹಣೆಯ ಮೇಲಿನ ರೂಪಾಯಿ

ಬೇಸಿಗೆಯ ಒಂದು ಮುಂಜಾವು, ಮೊಸರು ಮಾರುವವರು ಬುಟ್ಟಿ ಇಳಿಸುವ ಹೊತ್ತಿಗೆ, ಭರಮಪ್ಪ ಓಣಿಯಲ್ಲಿ ಡಂಗುರ ಹೊಡೆದ. ರಾಜರ ಬೆಳ್ಳಿ ರೂಪಾಯಿ ಇನ್ನು ನಡೆಯುವುದಿಲ್ಲ, ಹೊಸ ಸರಕಾರದ ಹೊಸ ರೂಪಾಯಿಯನ್ನೇ ಎಲ್ಲರೂ ತೆಗೆದುಕೊಳ್ಳಬೇಕು ಎಂದು ಸಾರಿದ.

ಮೊದಲು ನಕ್ಕವಳು ಮೊಸರು ಮಾರುತ್ತಿದ್ದ ಅವನ ತಾಯಿ ನೀಲವ್ವನೇ. ಅವನ ಕೈಯಲ್ಲಿದ್ದ ಹೊಸ ನಾಣ್ಯವನ್ನು ತೆಗೆದುಕೊಂಡು ಕಲ್ಲಿನ ಮೇಲೆ ಎಸೆದು ಕಿವಿಗೊಟ್ಟಳು.

"ದನಿನೇ ಇಲ್ಲಲ್ಲೋ ಇದಕ್ಕ! ತಗಡು ಕೊಟ್ಟು ನಿನ್ನ ಕುಣಸಾಕತ್ತಾರ."

"ಅವ್ವಾ, ಮಂದಿ ತಗೊಳ್ಳಲಿಲ್ಲಂದ್ರ ಸಾಹೇಬ್ರು ನನ್ನ ಕೆಲಸ ಕಸಗೋತಾರ."

"ನಿನ್ನ ಹೊಟ್ಟಿಗೆ ನಾ ಹಾಕ್ತೀನಿ. ಆದ್ರ ನಾ ಸತ್ತಾಗ ಹಣಿಗೆ ಬೆಳ್ಳೀದ ಹಚ್ಚಪ್ಪಾ. ನಿಮ್ಮಪ್ಪ ಇರೋ ಕಡೆ ಈ ತಗಡು ತಂದವರನ್ನ ಒಳಗ ಬಿಡಾಂಗಿಲ್ಲ."

ಸತ್ತವರ ಹಣೆಗೆ ರೂಪಾಯಿ ಹಚ್ಚಿ ಕಳಿಸುವುದು ಅವರ ಪದ್ಧತಿ. ಭರಮಪ್ಪ ಮಾತು ಕೊಟ್ಟ. ನೀಲವ್ವನನ್ನು ನೋಡಿ ಓಣಿಯವರೂ ಹೊಸ ರೂಪಾಯಿ ಮುಟ್ಟಲಿಲ್ಲ.

ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಕೊನೆಗಾಲ ಬಂತೆಂದು ಓಣಿಯೇ ಬಂದು ಸುತ್ತ ನಿಂತಿತು. ಭರಮಪ್ಪ ಬೆಳ್ಳಿ ರೂಪಾಯಿ ತೆಗೆದು ಅವಳ ಕಣ್ಣ ಮುಂದೆ ಹಿಡಿದ.

"ಇಲ್ಲೈತಿ ನೋಡವ್ವಾ, ಚಿಂತಿ ಬ್ಯಾಡ."

"ನೋಡ್ರೆಪಾ," ಹಿಂದಿನಿಂದ ಯಾರೋ ಅಂದರು, "ನಮಗ ತಗಡು, ಅವ್ವಗ ಬೆಳ್ಳಿ! ಡಂಗುರದವಗ ತನ್ನ ಮಾತಿನ ಮ್ಯಾಲೇ ನಂಬಿಗಿಲ್ಲ."

ಭರಮಪ್ಪ ತಲೆ ತಗ್ಗಿಸಿದ, ಆದರೆ ಕೈ ಹಿಂದೆ ತೆಗೆಯಲಿಲ್ಲ.

ನೀಲವ್ವ ಆ ಕೈಯನ್ನು ಮೆಲ್ಲಗೆ ಸರಿಸಿ, "ಹೊಸಾದು ಹಚ್ಚೋ ಮಗನ, ಅದೂ ನಡೀತೈತಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅದೇ ಸಂಜೆ ಹೊರಟುಹೋದಳು.